ಲಖನೌ ವಿಭಾಗದವನು

ಅವನು ಸ್ಟುಟ್‌ಗಾರ್ಟ್‌ನ ಫೊಯರ್‌ಬಾಕ್ ಬಡಾವಣೆಯ ನಮ್ಮ ಮನೆಗೆ ಬಂದ ದಿನ ಬಾಗಿಲಲ್ಲೇ ನಾಟಕ ಶುರುವಾಯಿತು. ಎರಡು ಸೂಟ್‌ಕೇಸು ಎಳೆದುಕೊಂಡು ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ನಿಂತಿದ್ದವನನ್ನು ನಾನು ಒಳಗೆ ಕರೆದೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, ಎದೆಯ ಮೇಲೆ ಅಂಗೈಯಿಟ್ಟು, ತಲೆ ಬಾಗಿಸಿ, “ಪೆಹಲೇ ಆಪ್” ಎಂದ. ಮೊದಲು ತಾವು ಎಂದು. ನಾನು ಆಗಲೇ ಒಳಗಿದ್ದೆ. ಇನ್ನೂ ಒಳಗೆ ಹೋಗಬೇಕೆಂದರೆ ಬಚ್ಚಲಿಗೆ ಹೋಗಬೇಕಿತ್ತು.

ನನ್ನ ಹಿಂದೆ ನಿಂತಿದ್ದ ಮೈಸೂರಿನ ಗೆಳೆಯ ಕನ್ನಡದಲ್ಲಿ, “ಏನ್ ಗುರು ಇದು, ಇವ್ನು ಒಳಗ್ ಬರ್ತಾನೋ ಇಲ್ಲಾ ನಾವೇ ಆಚೆ ಹೋಗ್ಬೇಕೋ?” ಎಂದ.

ಆಗ ಜರ್ಮನಿಯಲ್ಲಿ ಕಂಪ್ಯೂಟರ್ ಬಲ್ಲವರಿಗೆ ಬರ ಬಿದ್ದಿತ್ತು. ಗ್ರೀನ್ ಕಾರ್ಡ್ ಎಂಬ ಹೆಸರಿನಲ್ಲಿ ಐದು ವರ್ಷದ ಪರವಾನಗಿ ಕೊಟ್ಟು ನಮ್ಮಂಥವರನ್ನು ಕರೆಸಿಕೊಳ್ಳುತ್ತಿದ್ದರು. ನಾನು ಗದಗ ಕಡೆಯವನು. ಕಾರಿನ ಬಿಡಿಭಾಗಗಳಿಗೆ ಸಾಫ್ಟ್‌ವೇರ್ ಬರೆಯುವ ಒಂದು ಸಣ್ಣ ಕಂಪನಿ ನನ್ನನ್ನೂ ಮೈಸೂರಿನವನನ್ನೂ ಮೊದಲು ತಂದಿಳಿಸಿತ್ತು. ಮನೆಯಲ್ಲಿ ಇನ್ನೊಂದು ಕೋಣೆ ಖಾಲಿ ಇತ್ತು. ಅದಕ್ಕೆ ಇವನು ಬಂದ. ನಾವು ಮೂವರು ಹಿಂದಿ ಇಂಗ್ಲಿಷ್ ಕಲಸಿ ಮಾತಾಡುತ್ತಿದ್ದೆವು. ಅದನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಬಂದ ಸಂಜೆಯೇ ತನ್ನ ಪರಿಚಯ ಮಾಡಿಕೊಂಡ. “ನಾವು ಲಖನೌದವರು.” ನಾನು, ಅವನ ಜೊತೆಗೆ ಇನ್ನೂ ಯಾರಾದರೂ ಬರುವವರಿದ್ದಾರೇನೋ ಎಂದುಕೊಂಡೆ. ಇಲ್ಲ, ಅವನು ತನ್ನನ್ನು ತಾನು ಕರೆದುಕೊಳ್ಳುವುದೇ ಹಾಗೆ. “ನಾವು ಸ್ನಾನ ಮಾಡಿ ಬರುತ್ತೇವೆ” ಎಂದು ಹೇಳಿ ಒಬ್ಬನೇ ಹೋಗುತ್ತಿದ್ದ. “ನಮಗೆ ನೆಗಡಿಯಾಗಿದೆ” ಎನ್ನುತ್ತಿದ್ದ. ಊಟಕ್ಕೆ ಕೂತರೆ ಪಲ್ಯದ ಪಾತ್ರೆಯನ್ನು ನಮ್ಮ ಕಡೆ ಸರಿಸಿ ಮೊದಲು ತಾವು, ಮೊದಲು ತಾವು ಎಂದು ಒತ್ತಾಯ. ನಾವು ಸಂಕೋಚಪಟ್ಟು ಒಂದೊಂದು ಚಮಚ ಬಡಿಸಿಕೊಂಡರೆ, ಉಳಿದದ್ದನ್ನೆಲ್ಲ ತನ್ನ ತಟ್ಟೆಗೆ ಸುರಿದುಕೊಂಡು, “ದಕ್ಷಿಣದವರು ಮಿತಾಹಾರಿಗಳು, ಒಳ್ಳೆಯದು” ಎಂದು ಮೆಚ್ಚುಗೆ ಸೂಚಿಸುತ್ತಿದ್ದ. ಆಲೂಗಡ್ಡೆ ಹೆಚ್ಚಿದವನು ನಾನು, ಒಗ್ಗರಣೆ ಹಾಕಿದವನು ಮೈಸೂರಿನವನು. ಅವನದು ಬರೀ ಸಂಸ್ಕೃತಿ.

ನನ್ನ ಹಿಂದಿ ಕೇಳಿದರೆ ಅವನಿಗೆ ಆಗುತ್ತಿರಲಿಲ್ಲ. ನನ್ನದು ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಲಿತ ಹಿಂದಿ. ಯಾಕೆ ಎನ್ನುವುದಕ್ಕೆ “ಕಾಯ್ಕು” ಎಂದರೆ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಗಂಟಲಿನ ತಳದಿಂದ ‘ಖ’ ಹೊರಡಿಸುವುದು ಹೇಗೆಂದು ನನಗೂ ಮೈಸೂರಿನವನಿಗೂ ಪಾಠ ಮಾಡುತ್ತಿದ್ದ. ಮೈಸೂರಿನವನು ಬೇಕೆಂದೇ ಕ್ಯಾಕರಿಸಿ ಉಗುಳುವವನಂತೆ ಸದ್ದು ಮಾಡಿ, “ಸರಿಯಾಯ್ತಾ ಜನಾಬ್?” ಎಂದು ಕೇಳುತ್ತಿದ್ದ. ಜನಾಬನಿಗೆ ಗೇಲಿ ತಿಳಿಯುತ್ತಿರಲಿಲ್ಲ. ಇನ್ನೂ ಸ್ವಲ್ಪ ಒಳಗಿನಿಂದ ಬರಬೇಕು ಎನ್ನುತ್ತಿದ್ದ.

ಆ ಊರಿನಲ್ಲಿ ಕೇರ್‌ವೊಖೆ ಎಂಬ ಕಟ್ಟಲೆ ಇದೆ. ವಾರಕ್ಕೊಂದು ಮನೆಯ ಬಾಗಿಲಿಗೆ ಹಲಗೆ ನೇತು ಹಾಕುತ್ತಾರೆ. ಆ ವಾರ ಮೆಟ್ಟಿಲು, ಅಂಗಳ ಗುಡಿಸಿ ಒರೆಸುವುದು ಆ ಮನೆಯವರ ಪಾಳಿ. ನಮ್ಮ ಬಾಗಿಲಿಗೆ ಹಲಗೆ ಬಂದಾಗ ಅವನ ಸರದಿಯೆಂದು ಪೊರಕೆ ಕೊಟ್ಟೆ. ಅವನು ಅದನ್ನು ಮುಟ್ಟಲೇ ಇಲ್ಲ. “ನಮ್ಮ ಕಡೆ ಇದಕ್ಕೆ ಜನ ಇರುತ್ತಾರೆ” ಎಂದ. ಕೆಳಗಿನ ಮನೆಯ ಮಾಲಕಿ ಬಂದು ಗದರಿದಾಗ ಆಕೆಯ ಕೈ ಹಿಡಿದು ಬಾಗಿ ಏನೋ ಹೊಗಳಿದ. ಮಾಲಕಿ ಕೈ ಕಿತ್ತುಕೊಂಡು ಮೆಟ್ಟಿಲ ಮೂಲೆಯ ಕಸ ತೋರಿಸಿದಳು. ಗುಡಿಸಿದವನು ನಾನು. ಮೇಲಿಂದ ಅವನು, “ತಮ್ಮ ದೊಡ್ಡ ಮನಸ್ಸು” ಎಂದ. ಆ ದಿನದಿಂದ ಅವನ ಮೇಲೆ ನನಗಿದ್ದ ತಾತ್ಸಾರಕ್ಕೆ ಒಂದು ಖಚಿತವಾದ ಆಕಾರ ಬಂತು.

ಹೀಗಿರುವಾಗ ಕಂಪನಿಯ ಸಿಬ್ಬಂದಿ ವಿಭಾಗದ ಹೆಂಗಸಿಗೆ ಭಾರತ ಸಂಜೆ ಮಾಡಬೇಕೆಂಬ ಹುಚ್ಚು ಹತ್ತಿತು. ಹೊಸದಾಗಿ ಬಂದ ಭಾರತೀಯರ ಸಂಸ್ಕೃತಿ ಎಂಥದೆಂದು ಜರ್ಮನ್ ಸಹೋದ್ಯೋಗಿಗಳಿಗೆ ತಿಳಿಯಲಿ ಎಂದು. ಸಂಸ್ಕೃತಿ ಎಂಬ ಮಾತು ಅವಳ ಬಾಯಿಂದ ಬೀಳುವುದಕ್ಕೂ ಇವನು ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಮೈಸೂರಿನವನಿಗೆ ‘ಅನ್ನದಿಂದ ಏನಾದರೂ’ ಮಾಡುವ ಕೆಲಸ ಬಂತು. ನನಗೆ ಪ್ರೊಜೆಕ್ಟರ್ ಹೊರುವ ಕೆಲಸ.

ಅವನ ಭಾಷಣದ ವಿಷಯ: ಲಖನೌ ವಿಭಾಗ ಮತ್ತು ಭಾರತದ ಸಂಸ್ಕೃತಿಯಲ್ಲಿ ಅದರ ಮಹತ್ವ. ವಿಭಾಗ ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ. ದಿನವೂ ಅಡುಗೆಮನೆಯಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದ. ಲಖನೌ, ಉನ್ನಾವ್, ರಾಯ್‌ಬರೇಲಿ, ಸೀತಾಪುರ, ಹರ್ದೋಯಿ, ಲಖೀಮ್‌ಪುರ್ ಖೀರಿ. ಇವು ಸೇರಿದರೆ ಲಖನೌ ವಿಭಾಗ. ಇದು ನವಾಬರ ಅವಧ ಸೀಮೆಯ ಹೃದಯ. ಕಥಕ್ ಇಲ್ಲಿಯದು, ಠುಮ್ರಿ ಇಲ್ಲಿಯದು, ಬಿಳಿ ಬಟ್ಟೆಯ ಮೇಲೆ ಬಿಳಿ ನೂಲಿನ ಚಿಕನ್ ಕಸೂತಿ ಇಲ್ಲಿಯದು, ಬಾಯಲ್ಲಿಟ್ಟರೆ ಕರಗುವ ಕಬಾಬು ಇಲ್ಲಿಯದು, ನಯವಾಗಿ ಮಾತಾಡುವುದನ್ನು ಇಡೀ ದೇಶಕ್ಕೆ ಕಲಿಸಿದ್ದೇ ಇದು.

ನಾನೂ ಬೆಳಗಾವಿ ವಿಭಾಗದವನೇ. ಆದರೆ ಬೆಳಗಾವಿ ವಿಭಾಗ ಎಂದು ಎದೆ ಉಬ್ಬಿಸಿ ಹೇಳಿಕೊಂಡ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ನಮಗೆ ವಿಭಾಗವೆಂದರೆ ಒಬ್ಬ ಕಮಿಷನರು, ಅವರ ಕಚೇರಿ, ಜಮೀನಿನ ತಕರಾರು ಹಿಡಿದುಕೊಂಡು ಹೊರಗೆ ಬೆಂಚಿನ ಮೇಲೆ ಕೂತ ಜನ. ಅದಕ್ಕೊಂದು ಹೃದಯವಿದೆಯೆಂದು ನಮಗೆ ಯಾರೂ ಹೇಳಿರಲಿಲ್ಲ.

ಸಿಬ್ಬಂದಿ ವಿಭಾಗದ ಹೆಂಗಸು ಎಲ್ಲಿಂದಲೋ ಒಬ್ಬ ಮುಖ್ಯ ಅತಿಥಿಯನ್ನೂ ಹುಡುಕಿ ತಂದಳು. ಸ್ಟುಟ್‌ಗಾರ್ಟ್‌ನ ಕಿಲ್ಲೆಸ್‌ಬೆರ್ಗ್ ಗುಡ್ಡದ ಮೇಲೆ ಒಬ್ಬ ಜರ್ಮನ್ ಡಾಕ್ಟರನ್ನು ಮದುವೆಯಾಗಿ, ಈಗ ವಿಧವೆಯಾಗಿ ಬದುಕಿದ್ದ ವಯಸ್ಸಾದ ಹೆಂಗಸು. ಅಪ್ಪಟ ಲಖನೌದವಳು, ಹಳೆಯ ತಾಲ್ಲೂಕುದಾರ ಮನೆತನ, ಎಂದರೆ ನಮ್ಮ ಕಡೆ ದೇಸಗತಿ ಮನೆತನ ಎನ್ನುತ್ತೇವಲ್ಲ, ಅಂಥದು. ಸಂಜೆಯ ಕಾರ್ಯಕ್ರಮಕ್ಕೆ ಮೊದಲು ಒಮ್ಮೆ ಹುಡುಗರು ಚಹಕ್ಕೆ ಬರಲಿ ಎಂದು ಹೇಳಿ ಕಳಿಸಿದಳು. ಸುದ್ದಿ ಕೇಳಿ ಇವನ ಮುಖ ಅರಳಬೇಕಿತ್ತು. ಅರಳಲಿಲ್ಲ. ನಮಗೆ ಮೈ ಬಿಸಿಯಾಗಿದೆ, ನಾವು ಬರುವುದಿಲ್ಲ ಎಂದ. ಮೈಸೂರಿನವನು ಬಿಡಲಿಲ್ಲ. “ಬಾ ಮಗಾ, ನಿನ್ ಊರ್ನೋರು ಸಿಕ್ಕವ್ರೆ” ಎಂದು ಎಳೆದುಕೊಂಡೇ ಬಂದ.

ಆಕೆಯ ಮನೆಯ ಗೋಡೆಯ ತುಂಬ ಸತ್ತ ಹುಲಿಯ ಪಕ್ಕ ನಿಂತ ಗಂಡಸರ ಫೋಟೊಗಳು. ತೆಳ್ಳನೆಯ ಕಪ್ಪುಗಳಲ್ಲಿ ಚಹ ಕೊಟ್ಟಳು. ನಮ್ಮಿಬ್ಬರನ್ನು ಎಲ್ಲಿಯವರೆಂದು ಕೇಳಿ, ಉತ್ತರಕ್ಕೆ ಕಾಯದೆ ಇವನ ಕಡೆ ತಿರುಗಿದಳು.

“ಲಖನೌದಲ್ಲಿ ತಾವು ಯಾವ ಮೊಹಲ್ಲಾದವರು?”

“ಚೌಕದ ಕಡೆ” ಎಂದು ಇವನು ಅಲ್ಲಿನ ಹಳೆಯ ಪೇಟೆಯ ಹೆಸರು ಹೇಳಿದ.

“ಚೌಕದ ಯಾವ ಕಡೆ? ನಮ್ಮ ಅಜ್ಜಿಯ ಮನೆ ಅಲ್ಲೇ ಇತ್ತು. ಯಾವ ಗಲ್ಲಿ?”

ಇವನು ಚಹ ಕುಡಿದ. ಆಕೆ ಕಾದಳು. ಹಳೆಯ ಕಾಲದ ಜನಕ್ಕೆ ಕಾಯುವುದು ಚೆನ್ನಾಗಿ ಬರುತ್ತದೆ. ಕೊನೆಗೆ ಇವನು, ಓದಿದ್ದು ಲಖನೌದಲ್ಲಿ, ಮನೆ ಸ್ವಲ್ಪ ಹೊರಗೆ ಎಂದ. ಎಷ್ಟು ಹೊರಗೆ ಎಂದಳು. ವಿಭಾಗ ಲಖನೌವೇ ಎಂದ. ಜಿಲ್ಲೆ ಯಾವುದು ಎಂದಳು.

“ಹರ್ದೋಯಿ.”

ಪೇಟೆಯೂ ಅಲ್ಲ, ಹರ್ದೋಯಿಯಿಂದಲೂ ಒಳಗೆ ಬಸ್ಸು ಹೋಗುವ ಒಂದು ಹಳ್ಳಿ. ಅಷ್ಟು ಹೊರಬರುವ ಹೊತ್ತಿಗೆ ಅವನ ‘ನಾವು’ ಎಲ್ಲೋ ಬಿದ್ದು ಹೋಗಿ ‘ನಾನು’ ಆಗಿತ್ತು. ಮೈಸೂರಿನವನು ನನ್ನ ಕಾಲು ಒತ್ತಿದ. ನಾನು ಗೋಡೆಯ ಹುಲಿಯನ್ನು ನೋಡುತ್ತ ಒಳಗೊಳಗೇ ಸುಖಪಟ್ಟೆ. ಇಷ್ಟು ದಿನ ನಮಗೆ ಗಂಟಲು ತೊಳೆಯಲು ಕಲಿಸಿದವನು ಒಂದು ಸರ್ಕಾರಿ ನಕ್ಷೆಯ ಗೆರೆಯನ್ನು ಹಿಡಿದು ಜೋತಾಡುತ್ತಿದ್ದ!

ಆದರೆ ಆಕೆ ಸಿಟ್ಟಾಗಲಿಲ್ಲ. ಚಪ್ಪಾಳೆ ತಟ್ಟಿ ನಕ್ಕಳು. “ಅಯ್ಯೋ, ಹಾಗಾದರೆ ನೀನು ನಮ್ಮವನೇ! ನಮ್ಮ ತಾತನ ಹಳ್ಳಿಗಳೆಲ್ಲ ಆ ಜಿಲ್ಲೆಯಲ್ಲೇ ಇದ್ದವು. ನಮ್ಮ ಆಯಾ ಅಲ್ಲಿಯವಳು. ಊಟಕ್ಕೆ ಕರೆಯುವಾಗ ಎಷ್ಟು ಮುದ್ದಾಗಿ ಕರೆಯುತ್ತಿದ್ದಳು! ನೀನು ಹೇಳು, ನಿಮ್ಮ ಭಾಷೆಯಲ್ಲಿ ಊಟಕ್ಕೆ ಹೇಗೆ ಕರೆಯುತ್ತೀರಿ, ಹೇಳು.”

ಹಿಂದಿ ಸರಿಯಾಗಿ ಬಾರದ ನನಗೂ ಅದು ಕೇಳಿಸಿತು. ಚೌಕದವನಿಗೆ ‘ತಾವು’ ಎಂದಿದ್ದ ಆಕೆ ಹರ್ದೋಯಿಯವನಿಗೆ ‘ನೀನು’ ಎನ್ನುತ್ತಿದ್ದಳು. ಇಡೀ ದೇಶಕ್ಕೆ ಕಲಿಸಿದ ನಯ ಎರಡು ಗುಟುಕು ಚಹ ಮುಗಿಯುವುದರೊಳಗೆ ಖರ್ಚಾಗಿತ್ತು.

ಅವನು ಹೇಳಿದ. ತಲೆ ತಗ್ಗಿಸಿಕೊಂಡು, “ಆವೌ, ಖಾಯ್ ಲೇವ್” ಎಂದ. ಆಕೆ ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಕಾರ್ಯಕ್ರಮವನ್ನು ತಾನೇ ತಿದ್ದಿದಳು. ಲಖನೌದ ನಡೆನುಡಿಯ ಬಗ್ಗೆ ತಾನು ಮಾತಾಡುತ್ತೇನೆ, ಅದು ಗೊತ್ತಿರುವವರು ಮಾತಾಡಿದರೆ ಚೆಂದ. ಇವನು ಪಂಚೆ ಉಟ್ಟು, ಹೆಗಲಿಗೆ ಗಮ್ಛಾ, ಎಂದರೆ ನಮ್ಮ ಚೌಕಳಿ ಟವೆಲಿನಂಥದು, ಹಾಕಿಕೊಂಡು ಒಂದು ಹಳ್ಳಿಯ ಹಾಡು ಹಾಡಲಿ. ಜರ್ಮನ್ನರಿಗೆ ಅದು ತುಂಬ ಇಷ್ಟವಾಗುತ್ತದೆ.

ಆ ಮನೆಯಿಂದ ಹೊರಬೀಳುವಾಗ ನನ್ನ ತಿರಸ್ಕಾರದಲ್ಲಿ ಆಕೆಗೂ ಒಂದು ಪಾಲು ಹೋಗಿತ್ತು. ಗೋಡೆಯ ಮೇಲಿನ ಹುಲಿ, ಕಥಕ್, ಠುಮ್ರಿ, ಆ ತೆಳ್ಳನೆಯ ಕಪ್ಪು, ಎಲ್ಲಕ್ಕೂ ಗೋಧಿ ಕಬ್ಬು ಬೆಳೆದು ಕೊಟ್ಟದ್ದು ಇಂಥವನ ಹಳ್ಳಿಗಳೇ ಇರಬೇಕು. ಅವರ ಹೆಸರು ಆಕೆಗೆ ನೆನಪಿಲ್ಲ. ಆಯಾ ಕರೆಯುತ್ತಿದ್ದ ದನಿ ಮಾತ್ರ ಮುದ್ದಾಗಿ ನೆನಪಿದೆ.

ವಾಪಸು ಬರುವಾಗ ಟ್ರಾಮಿನಲ್ಲಿ ಮೈಸೂರಿನವನು ಸುಮ್ಮನಿರಲಾರದೆ, “ಪೆಹಲೇ ಆಪ್, ಹರ್ದೋಯಿ ಸಾಹೇಬ್ರೇ” ಎಂದು ಸೀಟು ತೋರಿಸಿದ. ಇವನು ನಿಂತೇ ಇದ್ದ. ಕಿಟಕಿಯ ಕಡೆ ಮುಖ ಮಾಡಿ ಮಾತಾಡಿದ. ಹಾಸ್ಟೆಲಿನಲ್ಲಿ ಎಲ್ಲರೂ ಗಮಾರ ಎನ್ನುತ್ತಿದ್ದರಂತೆ. ಕನ್ನಡಿಯ ಮುಂದೆ ನಿಂತು ‘ಖ’ ಕಲಿತನಂತೆ. “ನಾನು ಸುಳ್ಳು ಹೇಳಿಲ್ಲ. ಲಖನೌ ವಿಭಾಗವೇ ಅದು” ಎಂದ.

“ಅಲ್ಲೋ ಮಾರಾಯ, ನಿನ್ನ ಯಾರು ಕೇಳಿದ್ರು?” ಎಂದೆ ನಾನು. ನಿಜಕ್ಕೂ ಯಾರೂ ಕೇಳಿರಲಿಲ್ಲ. ಹರ್ದೋಯಿ ಎಂದಿದ್ದರೆ ನಮಗೆ ಅದೂ ಒಂದೇ, ಲಖನೌವೂ ಒಂದೇ. ನಮ್ಮೆದುರು ಇಷ್ಟು ಕಷ್ಟಪಟ್ಟದ್ದು ಯಾರಿಗಾಗಿ?

ಹಾಡುವುದಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಮುಂದಿನ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಫೋನಿನ ಸ್ಪೀಕರ್ ಹಾಕಿಕೊಂಡು ಕೂತಿದ್ದ. ಅವನಿಗೆ ಒಂದು ಹಾಡೂ ಬರುತ್ತಿರಲಿಲ್ಲ. ಊರಿನ ತಾಯಿಯಿಂದ ಹೇಳಿಸಿಕೊಂಡು ಬರೆದುಕೊಳ್ಳುತ್ತಿದ್ದ. ಸೋಹರ್ ಎಂಬ ಹಾಡು, ಮನೆಯಲ್ಲಿ ಮಗು ಹುಟ್ಟಿದಾಗ ಹೆಂಗಸರು ಸೇರಿ ಹಾಡುವಂಥದು. ತಾಯಿಯ ದನಿ ಒರಟು, ಎತ್ತರ, ಫೋನು ಒಡೆಯುವಂತೆ ಬಂತು. ಆಕೆಯ ಮಾತು ಅರ್ಧ ನನಗೆ ತಿಳಿಯುತ್ತಿರಲಿಲ್ಲ. ತಿಳಿದಷ್ಟು ಮಾತ್ರ ನನ್ನ ಕಿವಿಗೆ ನಮ್ಮ ಊರ ಕಡೆಯ ಮಾತಿನಂತೆ ಬಿತ್ತು. ಹಾಗೆಯೇ ಬರೆಯುತ್ತೇನೆ.

ಎರಡು ಸಾಲು ಹಾಡಿ ನಿಲ್ಲಿಸಿ ಆಕೆ ಕೇಳಿದಳು, “ಯಾರ ಮನ್ಯಾಗ ಕೂಸು ಹುಟ್ಟೇತಿ?”

“ಯಾರೂ ಇಲ್ಲಮ್ಮಾ, ಆಫೀಸಿನ ಕೆಲಸ.”

“ಆಫೀಸಿನ್ಯಾಗ ಕೂಸು ಹುಟ್ಟತಾವ?”

ಮೈಸೂರಿನವನು ಬಾಯಿಗೆ ಬ್ರೆಡ್ಡು ತುರುಕಿಕೊಂಡು ಹೊರಗೆ ಓಡಿದ.

ಸಂಜೆಯ ಕಾರ್ಯಕ್ರಮ ಅಂದುಕೊಂಡಂತೆಯೇ ನಡೆಯಿತು. ಕಿಲ್ಲೆಸ್‌ಬೆರ್ಗ್‌ನ ಮುದುಕಿ ರೇಷ್ಮೆ ಉಟ್ಟು ಬಂದು ಜರ್ಮನ್ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ಕಂಪನಿಯವರು ಮೈಸೂರಿನವನ ಪುಳಿಯೋಗರೆಯನ್ನು ಮುಳ್ಳುಚಮಚದಲ್ಲಿ ಕೆದಕುತ್ತ ಕೇಳಿದರು. ಆಮೇಲೆ ಆಕೆ, “ಈಗ ನಮ್ಮ ಹಳ್ಳಿಯ ಹುಡುಗ” ಎಂದು ಇವನನ್ನು ಕರೆದಳು. ಇವನು ಪಂಚೆ, ಗಮ್ಛಾದಲ್ಲಿ ಬಂದು ನೆಲದ ಮೇಲೆ ಕೂತು ಹಾಡಿದ. ಶ್ರುತಿಯೂ ಇರಲಿಲ್ಲ, ಲಯವೂ ಇರಲಿಲ್ಲ. ಆದರೆ ಆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದೇ ಅಸಲು ಭಾರತ ಎಂದು ನನ್ನ ಬಾಸ್ ಕಣ್ಣೊರೆಸಿಕೊಂಡ.

ಆ ಚಪ್ಪಾಳೆಯಲ್ಲಿ ಇವನಿಗೆ ಜ್ಞಾನೋದಯವಾಯಿತು. ಜರ್ಮನಿಯಲ್ಲಿ ದರಬಾರಿಗಿಂತ ಹಳ್ಳಿ ಚೆನ್ನಾಗಿ ಓಡುತ್ತದೆ ಎಂದು ತಿಳಿಯಿತು. ಒಂದೆರಡು ತಿಂಗಳಲ್ಲಿ ಅವನು ಬೇರೆಯೇ ಮನುಷ್ಯ. ಮುದುಕಿ ಕರೆದಲ್ಲೆಲ್ಲ ಹೋಗುವನು: ಚರ್ಚಿನ ಸಭಾಂಗಣ, ಯಾರದೋ ತೋಟದ ಪಾರ್ಟಿ, ಶಾಲೆಯ ವಾರ್ಷಿಕೋತ್ಸವ. ಅಷ್ಟು ದಿನ ಪೂಸಿಕೊಳ್ಳುತ್ತಿದ್ದ ಅತ್ತರಿನ ಸೀಸೆ ಮೂಲೆ ಸೇರಿತು. ಈಗ ನಮಗೆ ಮಣ್ಣಿನ ವಾಸನೆಯ ಮೇಲೆ ಪ್ರವಚನ. “ನೀವು ಪೇಟೆಯವರು, ನಿಮಗೆ ಬೇರಿಲ್ಲ” ಎಂದ ಒಮ್ಮೆ, ಹೊಲದಲ್ಲಿ ಶೇಂಗಾ ಕಿತ್ತು ಬೆಳೆದ ನನಗೆ. ಹರ್ದೋಯಿ ಎನ್ನಲು ನಾಲಗೆ ಕಚ್ಚಿಕೊಳ್ಳುತ್ತಿದ್ದವನು ಈಗ ಪರಿಚಯವಾದವರಿಗೆಲ್ಲ ಮೊದಲು ಹರ್ದೋಯಿ ಹೇಳಿ, ಆಮೇಲೆ ಹೆಸರು ಹೇಳುತ್ತಿದ್ದ. ಪೊರಕೆಯನ್ನು ಮಾತ್ರ ಆಗಲೂ ಮುಟ್ಟಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಅವನ ತಾಯಿ ಬಂದಳು. ಹಾಸಿಗೆ ಹಿಡಿದ ಗಂಡನನ್ನು ಹಿರಿಯ ಮಗನ ಮನೆಯಲ್ಲಿ ಬಿಟ್ಟು, ಮೊದಲ ಸಲ ವಿಮಾನ ಹತ್ತಿದ್ದಳಂತೆ. ಗಟ್ಟಿ ಹೆಂಗಸು. ಬಂದ ಮರುದಿನವೇ ಅಡುಗೆಮನೆಯನ್ನು ವಶಪಡಿಸಿಕೊಂಡಳು. ನಾನು ಹೆಚ್ಚಿದ ಈರುಳ್ಳಿ ದಪ್ಪ, ಮೈಸೂರಿನವನ ಅನ್ನ ಮುದ್ದೆ. “ನಿಮ್ಮ ಕಡೆ ರೊಟ್ಟಿ ಮಾಡಾಕ ಬರತೈತೇನು?” ಎಂದು ನನ್ನನ್ನು ಕೇಳಿದಳು, ಜೋಳದ ರೊಟ್ಟಿ ತಿಂದು ಬೆಳೆದವನನ್ನು! ಕೆಳಗಿನ ಮಾಲಕಿಗೆ ಭಾಷೆಯ ಹಂಗಿಲ್ಲದೆ ಎದೆ ತಟ್ಟಿಕೊಂಡು, “ಲಖನೌ, ಲಖನೌ” ಎಂದು ಹೇಳಿದ್ದನ್ನು ನಾನು ಮೆಟ್ಟಿಲ ಮೇಲಿಂದ ಕೇಳಿದೆ. ಓಹೋ, ಕಾಯಿಲೆಯ ಮೂಲ ಇಲ್ಲಿದೆ ಎಂದುಕೊಂಡೆ.

ಆ ವಾರದ ಕೊನೆಗೆ ಚರ್ಚಿನ ಸಭಾಂಗಣದಲ್ಲಿ ಮುದುಕಿಯ ಇನ್ನೊಂದು ಭಾರತ ಸಂಜೆ. ಇವನು ತಾಯಿಗೆ ವಿವರ ಹೇಳಿರಲಿಲ್ಲ. ಒಂದು ಸಮಾರಂಭ ಎಂದಷ್ಟೇ. ಆಕೆ ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು, ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಳು. ಮಗ ಕೋಟು ಹಾಕಿಕೊಂಡು ವೇದಿಕೆಗೆ ಬರುತ್ತಾನೆ ಎಂದು ಕಾಯುತ್ತಿದ್ದಳು. ಬಂದವನು ಗಮ್ಛಾದವನು. ನೆಲಕ್ಕೆ ಕೂತ. ಸೋಹರ್ ಎತ್ತಿದ.

ಮೊದಲ ಸಾಲಿಗೇ ಆಕೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡು ಪಕ್ಕದ ಜರ್ಮನ್ ಹೆಂಗಸು ಆಕೆಯ ಮೊಣಕೈ ಸವರಿದಳು. ಅಳುತ್ತಿರಲಿಲ್ಲ. ಸೆರಗಿನೊಳಗಿಂದ ನನಗೆ ಕೇಳುವಂತೆ, “ಇದು ಗಂಡಸ್ರು ಹಾಡೂದಲ್ಲ” ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, “ಮುಗೀತಾ?” ಎಂದು ಕೇಳಿದಳು. ಮುಗಿದಿರಲಿಲ್ಲ. ಅವನು ಈಗೀಗ ಹಾಡನ್ನು ಬೆಳೆಸಲು ಕಲಿತಿದ್ದ.

ಕಾರ್ಯಕ್ರಮ ಮುಗಿದ ಮೇಲೆ ಮುದುಕಿ ನೇರವಾಗಿ ನಮ್ಮ ಹತ್ತಿರ ಬಂದಳು. ತಾಯಿಯ ಎರಡೂ ಕೈ ಹಿಡಿದುಕೊಂಡು, “ನೀನೇ ಅಲ್ಲವೇ ಇವನ ಅಮ್ಮ? ಹರ್ದೋಯಿಯವಳು! ನಿನ್ನನ್ನು ನೋಡಿದರೆ ನಮ್ಮ ಆಯಾ ನೆನಪಾಗುತ್ತಾಳೆ. ಒಂದು ಹಾಡು ಹೇಳು, ಇವರೆಲ್ಲ ಕೇಳಲಿ” ಎಂದಳು. ಸುತ್ತ ಜನ ನಗುಮುಖ ಮಾಡಿಕೊಂಡು ನಿಂತಿದ್ದರು.

ತಾಯಿ ಸೆರಗು ಸರಿಸಿ ಆಕೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ನಾವು ಲಖನೌದವ್ರು” ಎಂದಳು.

“ಲಖನೌ? ಲಖನೌದಲ್ಲಿ ಎಲ್ಲಿ?”

“ನೀವು ಊರು ಬಿಟ್ಟು ಭಾಳ ವರ್ಷ ಆತಂತಲ್ಲ. ಹೇಳಿದ್ರ ನಿಮಗೇನು ಗೊತ್ತಾಗತೈತಿ, ಬಿಡ್ರಿ.” ಕೈ ಬಿಡಿಸಿಕೊಂಡು, ಸ್ವಲ್ಪ ಕರುಣೆಯಿಂದ, “ಇಷ್ಟು ವರ್ಷ ಹೊರಗಿದ್ರೂ ಹಿಂದಿ ತಕ್ಕಮಟ್ಟಿಗೆ ಮಾತಾಡ್ತೀರಿ, ಅಡ್ಡಿಯಿಲ್ಲ” ಎಂದಳು.

ಮುದುಕಿಯ ಮುಖದಲ್ಲಿ ಬಣ್ಣದ ಹಿಂದೆ ಬೇರೆ ಬಣ್ಣ ಬಂತು. ನನಗೆ ಆ ಭಾಷೆಯ ಬೆಡಗು ತಿಳಿಯದು, ಆದರೆ ಹೊಡೆತ ಎಲ್ಲಿ ಬಿತ್ತೆಂಬುದು ಚೆನ್ನಾಗಿ ತಿಳಿಯಿತು.

ಮನೆಗೆ ನಡೆದು ಬರುವಾಗ ತಾಯಿ ಮುಂದೆ, ಪಂಚೆಯ ಮೇಲೆಯೇ ಜಾಕೆಟ್ ಹಾಕಿಕೊಂಡ ಮಗ ಹಿಂದೆ, ಅವರ ಹಿಂದೆ ನಾನು. ಆಕೆ ಬಿರಬಿರನೆ ರೈಲು ನಿಲ್ದಾಣದ ಸೇತುವೆ ದಾಟಿದಳು. ಆಮೇಲೆ ನಿಂತು ತಿರುಗಿದಳು.

“ನಿನ್ನ ಅಲ್ಲಿಂದ ಕಿತ್ತು ಲಖನೌಕ್ಕ ಹಾಕಿದ್ದು ಯಾಕಲೇ ನಾನು? ನಿಮ್ಮಪ್ಪ ಬ್ಯಾಡಂದ. ಊರ ಮಂದಿ ನಕ್ಕರು. ಹೊಲಾ ನೋಡ್ಕೊಂಡು ಇರಲಿ ಅಂದ್ರು. ನಾ ಹಟಾ ಹಿಡಿದು ಹಾಸ್ಟೆಲಿಗೆ ಹಾಕಿದೆ. ಮಗಾ ಲಖನೌದಾವ ಅಂತ ಅನ್ನಿಸ್ಕೊಳ್ಳಲಿ ಅಂತ. ನೀ ಇಷ್ಟು ದೂರ ಬಂದು ಮಂದಿ ಮುಂದ ಟವೆಲ್ ಹಾಕ್ಕೊಂಡು ಕುಂತೀ?”

“ಇಲ್ಲಿ ಅದಕ್ಕೆ ಬೆಲೆ ಇದೆ ಅಮ್ಮಾ. ನಮ್ಮ ಸಂಸ್ಕೃತಿ ಅದು. ಇವರು ಗೌರವ ಕೊಡುತ್ತಾರೆ.”

“ಅಷ್ಟು ಬೆಲೆ ಇದ್ರ ಆಕಿ ಯಾಕ ಟವೆಲ್ ಹಾಕ್ಕೊಂಡು ಕುಂದರ್ಲಿಲ್ಲ? ಆಕಿ ರೇಷ್ಮಿ ಉಟ್ಟಿದ್ಲಲ್ಲ?”

ಅವನು ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡ. ಮಣ್ಣು, ಬೇರು, ನೆಲ, ಏನೇನೋ ಮಾತು ಕಲಿತಿದ್ದನಲ್ಲ, ಒಂದೂ ಕೆಲಸಕ್ಕೆ ಬರಲಿಲ್ಲ. ಆ ಹೊತ್ತಿನಲ್ಲಿ ಅವನನ್ನು ನೋಡಿ ನನಗೆ ಕನಿಕರವಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆಗಲಿಲ್ಲ. ಜಾಕೆಟ್ಟಿನ ಕೆಳಗೆ ಪಂಚೆ, ಪಂಚೆಯ ಕೆಳಗೆ ಸ್ಪೋರ್ಟ್ಸ್ ಶೂ. ಅವನನ್ನು ಏನೆಂದು ಕರೆಯಬೇಕೋ ಅವನಿಗೂ ತಿಳಿದಂತಿರಲಿಲ್ಲ. ತಾಯಿಯ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ಆಕೆಯ ಲಖನೌ ಕೂಡ ಸುಳ್ಳೇ. ಆದರೆ ಆ ಸುಳ್ಳಿಗಾಗಿ ಆಕೆ ಒಂದು ಊರನ್ನೇ ಎದುರು ಹಾಕಿಕೊಂಡಿದ್ದಳು. ಇವನದು ಬರೀ ಚಪ್ಪಾಳೆಗೆ.

ಮರುದಿನ ಆಕೆ ಗಮ್ಛಾವನ್ನು ಒಗೆದು, ಹರಿದು, ಒಲೆ ಒರೆಸುವ ಬಟ್ಟೆ ಮಾಡಿದಳು. ಮಗ ನೋಡಿದ. ಮುದುಕಿ ಫೋನು ಮಾಡಿದಾಗ ಮೈಸೂರಿನವನ ಕೈಯಲ್ಲಿ, ಇಲ್ಲ ಎಂದು ಹೇಳಿಸಿದ. ಆಮೇಲೆ ಅವನು ಲಖನೌವನ್ನೂ ಆಡಲಿಲ್ಲ, ಹರ್ದೋಯಿಯನ್ನೂ ಆಡಲಿಲ್ಲ. ಯಾರಾದರೂ ಕೇಳಿದರೆ ಯುಪಿ ಎಂದು ಮಾತು ಮುಗಿಸುತ್ತಿದ್ದ. ಬಹಳ ದಿನಗಳ ಮೇಲೆ ನಮ್ಮ ಮನೆಯಲ್ಲಿ ಒಬ್ಬ ಸಾಧಾರಣ ಮನುಷ್ಯ ಓಡಾಡಿಕೊಂಡಿದ್ದಂತೆ ಅನ್ನಿಸಿತು. ಅವನು ನಿಜಕ್ಕೂ ತೀರ ಸಾಧಾರಣ ಮನುಷ್ಯ. ಅದನ್ನು ಮುಚ್ಚಿಡಲು ಅಷ್ಟೊಂದು ಬಟ್ಟೆ ಬದಲಾಯಿಸಬೇಕಾಗಿ ಬಂದಿತ್ತು.

ತಾಯಿಯನ್ನು ಬೀಳ್ಕೊಡಲು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಚೀಲ ಹೊರಲು ಜನ ಬೇಕಿತ್ತು. ಒಳಗೆ ಹೋಗುವ ಮೊದಲು ಆಕೆ ನನ್ನ ತೋಳು ಹಿಡಿದು, “ಲಖನೌಕ್ಕ ಬಂದ್ರ ನಮ್ಮ ಮನೀಗಿ ಬಾ” ಎಂದಳು. ದಾರಿಯನ್ನೂ ಹೇಳಿದಳು. ಲಖನೌದಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕು, ಹರ್ದೋಯಿಯಲ್ಲಿ ಇಳಿಯಬೇಕು, ಅಲ್ಲಿಂದ ಬಸ್ಸು, ಬಸ್ಸು ಬಿಟ್ಟ ಮೇಲೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಅಷ್ಟು ದೂರದ ಲಖನೌವನ್ನು ಆಕೆ ಕಣ್ಣು ಮಿಟುಕಿಸದೆ ಹೇಳಿದಳು. ನಾನು ಬರುತ್ತೇನೆ ಎಂದೆ. ಹೋಗಲಿಲ್ಲ.

ಸ್ವಲ್ಪ ದಿನಗಳಲ್ಲಿ ಕಂಪನಿಯ ಕೆಲಸ ಕುಗ್ಗಿತು. ಮೈಸೂರಿನವನು ಊರಿಗೆ ಹಿಂತಿರುಗಿದ. ಇವನು ಬರ್ಲಿನ್‌ನಲ್ಲಿ ಕೆಲಸ ಹುಡುಕಿಕೊಂಡು ಹೋದ. ನಿಲ್ದಾಣದಲ್ಲಿ ಗಾಡಿ ಬಂದಾಗ ಮೊದಲು ತಾವು ಎನ್ನದೆ ನೇರವಾಗಿ ಹತ್ತಿ ಕೂತ. ಆಮೇಲೆ ನಮ್ಮ ನಡುವೆ ಪತ್ರವಿಲ್ಲ, ಫೋನಿಲ್ಲ.

ಮುದುಕಿಗೆ ಮಾತ್ರ ಕಾರ್ಯಕ್ರಮಗಳ ಸರದಿ ನಿಂತಿರಲಿಲ್ಲ. ಒಂದು ದಿನ ಮಧ್ಯಾಹ್ನ ನನಗೇ ಫೋನು ಬಂತು. ಆಗ ಚಹಕ್ಕೆ ಕರೆದಾಗ ನಾನು ಎಲ್ಲಿಯವನೆಂಬ ಉತ್ತರ ಕೇಳದೆ ತಿರುಗಿಕೊಂಡಿದ್ದವಳಿಗೆ ಈಗ ಅದು ಬೇಕಾಗಿತ್ತು.

“ನಿಮ್ಮ ಕಡೆ ಏನಿದೆ?” ಎಂದಳು. ಸದ್ಯಕ್ಕೆ ‘ನೀವು’ ಎನ್ನುತ್ತಿದ್ದಳು.

“ನಮ್ಮ ಕಡೆ ಏನೂ ಇಲ್ಲ. ಬಿಸಿಲು, ಜೋಳ” ಎಂದೆ.

“ಜೋಳ! ಹಾಗಾದರೆ ಬೀಸುವಾಗ ಹಾಡು ಹೇಳುತ್ತಿರಬೇಕಲ್ಲವೇ ಹೆಂಗಸರು? ನಿಮ್ಮ ತಾಯಿ ಹೇಳುತ್ತಿದ್ದರೇ?”

ಹೇಳುತ್ತಿದ್ದಳು. ಬೀಸುವ ಪದಗಳು ಕೆಲವು ನನಗೆ ಬಾಯಿಗೇ ಬರುತ್ತವೆ.

“ನಮ್ಮೂರಾಗ ಗಿರಣಿ ಐತ್ರಿ” ಎಂದು ಕನ್ನಡದಲ್ಲೇ ಹೇಳಿ ಫೋನಿಟ್ಟೆ.